ಗೋಡೆಯ ಬಣ್ಣವೂ ಗೃಹಸ್ಥನ ವ್ರತವೂ

ವ್ರತವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಆಹಾರ. ಅಷ್ಟಮಿ ಚತುರ್ದಶಿಗಳ ಉಪವಾಸ, ಏಕಾಶನ, ರಸಪರಿತ್ಯಾಗ, ರಾತ್ರಿಭೋಜನತ್ಯಾಗ, ಕಂದಮೂಲಗಳ ವರ್ಜನೆ ಮೊದಲಾದವುಗಳನ್ನು ಕುರಿತು ನಮ್ಮ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಚರ್ಚೆ ನಡೆಯುತ್ತಲೇ ಇರುತ್ತದೆ. ಆದರೆ ಗೃಹಸ್ಥನ ದಿನದಲ್ಲಿ ಊಟಕ್ಕೆ ಹೋಗುವ ಕಾಲ ಸ್ವಲ್ಪ. ಆರಿಸುವುದಕ್ಕೆ ಹೋಗುವ ಕಾಲವೇ ಬಹಳ. ಯಾವ ಸೀರೆ, ಯಾವ ಪಾತ್ರೆ, ಯಾವ ನೆಲಗಲ್ಲು, ಯಾವ ಬಾಗಿಲು ಎಂದು ಮನಸ್ಸು ಒಂದರಿಂದ ಒಂದಕ್ಕೆ ಹಾರುತ್ತಿರುತ್ತದೆ. ಹಿಂಸೆಯ ವಸ್ತುವನ್ನೂ ಅಹಿಂಸೆಯ ವಸ್ತುವನ್ನೂ ಎದುರಿಗಿಟ್ಟರೆ ಶ್ರಾವಕನಿಗೆ ಸಂಶಯವಿಲ್ಲ. ಎರಡೂ ನಿರ್ದೋಷವೆಂದು ತೋರುವಾಗ ಒಂದನ್ನು ಆರಿಸುವುದರಲ್ಲಿ ಧರ್ಮಕ್ಕೆ ಏನಾದರೂ ಹೇಳುವುದಿದೆಯೆ? ಈ ಪ್ರಶ್ನೆ ನನಗೆ ಯಾವ ಶಾಸ್ತ್ರಸಭೆಯಲ್ಲಿಯೂ ಎದುರಾಗಲಿಲ್ಲ. ಬಂಧುಗಳ ಮನೆಯ ಗೋಡೆಯ ಮೇಲೆ ಬಳಿದಿದ್ದ ಎರಡು ಬಣ್ಣದ ತೇಪೆಗಳ ಮುಂದೆ ಎದುರಾಯಿತು.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ನನ್ನ ಸೋದರಮಾವನವರ ಮನೆಯಿದೆ. ಹಳೆಯ ಮಾಳಿಗೆಮನೆ, ದಪ್ಪನೆಯ ಮಣ್ಣುಗೋಡೆ, ಕಿರಿದಾದ ಕಿಟಕಿಗಳು, ನಡುಮನೆಗೂ ಅಡಿಗೆಮನೆಗೂ ಒಂದೊಂದು ಗವಾಕ್ಷಿ. ಬಯಲುಸೀಮೆಯ ಬಿಸಿಲನ್ನು ಹೊರಗೆ ನಿಲ್ಲಿಸಲು ಹಿರಿಯರು ಹಾಗೆ ಕಟ್ಟಿದ್ದರು. ಬಿಸಿಲಿನೊಡನೆ ಬೆಳಕೂ ಹೊರಗೆ ನಿಲ್ಲುವುದರಿಂದ ವರ್ಷಕ್ಕೊಮ್ಮೆ ಸುಣ್ಣ ಬಳಿದು, ಒಳಗೆ ಬಂದಷ್ಟು ಬೆಳಕನ್ನು ಉಳಿಸಿಕೊಳ್ಳುತ್ತಿದ್ದರು. ಮಾವನವರು ಈಗಿಲ್ಲ. ಅತ್ತೆಯವರಿಗೆ ಎಂಬತ್ತರ ಸಮೀಪ. ಹಿರಿಯ ಮಗ ಅಡಕೆ ತೋಟವನ್ನೂ ಮೆಕ್ಕೆಜೋಳದ ಹೊಲವನ್ನೂ ನೋಡಿಕೊಂಡು ತಾಯಿಯೊಡನೆ ಇದ್ದಾನೆ. ಕಿರಿಯವನು ಬೆಂಗಳೂರಿನಲ್ಲಿ ಉದ್ಯೋಗಸ್ಥ. ಕೆಲವು ವರ್ಷಗಳ ಹಿಂದೆ, ಉದುರುತ್ತಿದ್ದ ಗೋಡೆಗಳಿಗೆ ಹೊಸ ಗಾರೆ ಮಾಡಿಸಿದರು. ಹಣ ಕಿರಿಯವನದು, ನಿಂತು ಮಾಡಿಸಿದ ಶ್ರಮ ಹಿರಿಯವನದು. ಕೆಲಸ ಮುಗಿಯುವವರೆಗೆ ಅಣ್ಣತಮ್ಮಂದಿರಲ್ಲಿ ಒಂದು ಮಾತೂ ಬರಲಿಲ್ಲ. ಮಾತು ಬಂದದ್ದು ಬಣ್ಣ ಬಳಿಯುವವನು ಬಂದು, ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಮಾದರಿಗಾಗಿ ಎರಡು ತೇಪೆ ಬಳಿದು ಹೋದ ಮೇಲೆ. ಒಂದು ತಿಳಿಹಳದಿ, ಇನ್ನೊಂದು ಪಾರಿವಾಳದ ಬೂದು. ಹಿರಿಯವನಿಗೆ ಹಳದಿ ಬೇಕು, ಕಿರಿಯವನಿಗೆ ಬೂದು ಬೇಕು.

ಹತ್ತು ದಿನ ಕಳೆದರೂ ನಿರ್ಧಾರವಾಗಲಿಲ್ಲ. ಹಣ ಕೊಟ್ಟವನಿಗೆ ಮಾತಿಲ್ಲವೆ ಎಂದು ಒಬ್ಬ, ಮನೆಯಲ್ಲಿ ಇರುವವನಿಗೆ ಮಾತಿಲ್ಲವೆ ಎಂದು ಮತ್ತೊಬ್ಬ. ಕಡೆಗೆ ಒಂದು ರಾತ್ರಿ ದೂರವಾಣಿಯಲ್ಲಿ 'ಪಾಲು' ಎಂಬ ಶಬ್ದವೂ ಹೊರಬಿತ್ತೆಂದು ಹಿರಿಯ ಸೊಸೆ ನನಗೆ ತಿಳಿಸಿದಳು. ಕಿರಿಯವನು ಊರಿಗೆ ಬಂದ ದಿನ, ನಾಲ್ಕು ಶಾಸ್ತ್ರಗ್ರಂಥ ಓದಿದವನೆಂಬ ಗೌರವದಿಂದ ನನ್ನನ್ನೂ ಕರೆಸಿದರು. ಅಂದು ಮಾಘ ಶುದ್ಧ ಚತುರ್ದಶಿ. ನಾನು ಉಪವಾಸದಲ್ಲಿದ್ದೆ.

ಹೋದವನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಎರಡು ತೇಪೆಗಳನ್ನೂ ನೋಡಿದ ಕೂಡಲೆ ನನಗೆ ಲೇಶ್ಯೆಯ ವಿಚಾರ ಹೊಳೆಯಿತು. ಕೃಷ್ಣ, ನೀಲ, ಕಾಪೋತಗಳು ಅಶುಭ ಲೇಶ್ಯೆಗಳು. ಪೀತ, ಪದ್ಮ, ಶುಕ್ಲಗಳು ಶುಭ ಲೇಶ್ಯೆಗಳು. ಕಾಪೋತವೆಂದರೆ ಪಾರಿವಾಳದ ಬಣ್ಣ, ಪೀತವೆಂದರೆ ಹಳದಿ. 'ಶಾಸ್ತ್ರವೇ ಹೇಳಿಬಿಟ್ಟಿದೆಯಲ್ಲ, ಇದರಲ್ಲಿ ವಾದವೇನು?' ಎಂದುಬಿಟ್ಟೆ. ಹಿರಿಯವನ ಮುಖ ಅರಳಿತು. ಕಿರಿಯವನು ಏನೂ ಹೇಳದೆ ಎದ್ದು ಪಡಸಾಲೆಗೆ ಹೋದನು. ನನಗೆ ಒಂದು ವ್ಯಾಜ್ಯವನ್ನು ತೀರಿಸಿದ ತೃಪ್ತಿ. ಅನಂತರವೂ ಮಧ್ಯಾಹ್ನದವರೆಗೆ ಬಣ್ಣದ ಪುಸ್ತಕವನ್ನು ಮಗುಚುತ್ತ, ಈ ಹಳದಿಗಿಂತ ಆ ಹಳದಿ ಲೇಸಲ್ಲವೆ ಎಂದು ಹಿರಿಯವನೊಡನೆ ಮಾತನಾಡುತ್ತಲೇ ಕಳೆದೆ.

ನಾಲ್ಕು ಗಂಟೆಯ ಸುಮಾರಿಗೆ ಅತ್ತೆಯವರು ಏಕಾಶನಕ್ಕೆ ಕುಳಿತರು. ವಯಸ್ಸಾದ ಮೇಲೆ ಚತುರ್ದಶಿಗೆ ಉಪವಾಸದ ಬದಲು ಏಕಾಶನ ಮಾಡುತ್ತಾರೆ. ತಟ್ಟೆಯನ್ನು ಗವಾಕ್ಷಿಯ ಬೆಳಕಿಗೆ ಸರಿಸಿಕೊಂಡು, ಅನ್ನವನ್ನು ಬೆರಳಿನಿಂದ ಹರಡಿ, ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು: 'ಇವತ್ತು ನೀನು ಉಪವಾಸವಲ್ಲವೇನಪ್ಪ? ಉಪವಾಸ ಅಂದರೆ ಹತ್ತಿರ ವಾಸ ಮಾಡೋದು ಅಂತ ನೀನೇ ಒಂದು ಸಲ ಹೇಳಿದ್ದೆ. ಬೆಳಗಿನಿಂದ ಯಾತರ ಹತ್ತಿರ ವಾಸ ಮಾಡಿದೆ?'

ನಾನು ತಲೆತಗ್ಗಿಸಿದೆ. ಅವರೇ ಮುಂದುವರಿಸಿದರು: 'ನನಗೆ ಯಾವ ಬಣ್ಣ ಆದರೂ ಆದೀತು. ಆದರೆ ಅಲ್ಲಿ ನೋಡು, ಇರುವೆ ಸಾಲು. ಹಳದಿ ಮೇಲೆ ಹೋಗುವಾಗ ನನಗೆ ಕಾಣುತ್ತೆ. ಬೂದಿನ ಮೇಲೆ ಹೋದ ಕೂಡಲೆ ಕಾಣೆಯಾಗುತ್ತೆ. ನನಗೆ ಇರುವೆ ಕಾಣಬೇಕಪ್ಪ, ಅಷ್ಟೆ.'

ಈ ಎರಡು ಮಾತುಗಳನ್ನು ನಾನು ಇಂದಿಗೂ ಮನನ ಮಾಡುತ್ತಿದ್ದೇನೆ. ಮೊದಲನೆಯದು ಉಪವಾಸವನ್ನು ಕುರಿತದ್ದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡಬೇಕಾದವುಗಳು ಅನ್ನಪಾನಗಳಷ್ಟೇ ಅಲ್ಲ. ಪಂಚಪಾಪಗಳೊಡನೆ ಅಲಂಕಾರವನ್ನೂ ಆರಂಭವನ್ನೂ ಗಂಧಪುಷ್ಪಗಳನ್ನೂ ಸ್ನಾನ ಅಂಜನಗಳನ್ನೂ ಬಿಡಬೇಕೆಂದಿದೆ. ಮನೆಗೆ ಬಣ್ಣ ಆರಿಸುವುದು ಅಲಂಕಾರವೂ ಹೌದು, ಆರಂಭವೂ ಹೌದು. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೂರು ನೋಡದೆ ಗುಡಿಸದೆ ವಸ್ತುಗಳನ್ನು ತೆಗೆದುಕೊಳ್ಳುವುದು, ವಿಸರ್ಜಿಸುವುದು, ಹಾಸುವುದು. ಉಳಿದೆರಡು ಅನಾದರ ಮತ್ತು ವಿಸ್ಮರಣ. ನನ್ನ ಹೊಟ್ಟೆ ಬರಿದಾಗಿತ್ತು. ಆದರೆ ಕಣ್ಣು ಬೆಳಗಿನಿಂದ ಹಳದಿಯನ್ನೇ ಉಣ್ಣುತ್ತಿತ್ತು. ವ್ರತ ನನ್ನ ನೆನಪಿನಲ್ಲಿಯೇ ಇರಲಿಲ್ಲ. ಅನಾದರ, ವಿಸ್ಮರಣ ಎರಡಕ್ಕೂ ನಾನು ಗುರಿಯಾಗಿದ್ದೆ.

ಇನ್ನು ಲೇಶ್ಯೆಯ ಮಾತು. ಗಂಗಮಂತ್ರಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಯನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನೆಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಂಡ ದೃಷ್ಟಾಂತವನ್ನು ನಮ್ಮ ಮಕ್ಕಳೂ ಬಲ್ಲರು. ಒಬ್ಬನಿಗೆ ಮರವನ್ನು ಬುಡಸಮೇತ ಕೀಳುವ ಯೋಚನೆ, ಒಬ್ಬನಿಗೆ ಕಾಂಡವನ್ನು ಕಡಿಯುವ ಯೋಚನೆ, ಒಬ್ಬನಿಗೆ ದೊಡ್ಡ ಕೊಂಬೆ, ಒಬ್ಬನಿಗೆ ಸಣ್ಣ ರೆಂಬೆ, ಒಬ್ಬನಿಗೆ ಹಣ್ಣು ಮಾತ್ರ. ಆರನೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕು. ಶ್ರವಣಬೆಳಗೊಳದ ಜೈನಮಠಕ್ಕೆ ಹೋದವರು ಒಳಗೋಡೆಯ ವರ್ಣಚಿತ್ರಗಳಲ್ಲಿ ಈ ಮರವನ್ನೂ ಆರು ಮಂದಿಯನ್ನೂ ನೋಡಿಯೇ ಇರುತ್ತಾರೆ. ಒಳಗೋಡೆಗೆ ಬಳಿದ ಬಣ್ಣವೂ ಧರ್ಮವನ್ನು ಬೋಧಿಸಬಲ್ಲದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಆ ಚಿತ್ರ ಬೋಧಿಸುವುದೇನು? ಮರ ಒಂದೇ, ಹಸಿವು ಒಂದೇ, ಬೇಕಾದ ಹಣ್ಣೂ ಒಂದೇ. ಬೇರೆಯಾದದ್ದು ಬೇಕೆನ್ನುವ ರೀತಿ. ಕಷಾಯದಿಂದ ಲಿಪ್ತವಾದ ಯೋಗಪ್ರವೃತ್ತಿಯೇ ಭಾವಲೇಶ್ಯೆ. ಶರೀರದ ಬಣ್ಣವನ್ನು ಹೇಳುವ ದ್ರವ್ಯಲೇಶ್ಯೆ ಬೇರೆ; ಅದು ವರ್ಣನಾಮಕರ್ಮದ ಉದಯದಿಂದಾದದ್ದು. ಗೋಡೆಯ ಬಣ್ಣ ಇವೆರಡರಲ್ಲಿ ಯಾವುದೂ ಅಲ್ಲ. ಸ್ಪರ್ಶ, ರಸ, ಗಂಧ, ವರ್ಣಗಳುಳ್ಳದ್ದು ಪುದ್ಗಲವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಗೋಡೆ ಪುದ್ಗಲ, ಬಣ್ಣವೂ ಪುದ್ಗಲ. ಅದಕ್ಕೆ ಶುಭವೂ ಇಲ್ಲ, ಅಶುಭವೂ ಇಲ್ಲ.

ಕಪ್ಪು ಬೂದುಗಳು ತಾವೇ ಹೀನವಾಗಿದ್ದರೆ, ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಸಮಸ್ತ ಜೈನರೂ ಒಪ್ಪಿದ ಪಂಚವರ್ಣ ಧ್ವಜದಲ್ಲಿ ಸಾಧು ಪರಮೇಷ್ಠಿಗಳಿಗೆ ಕೃಷ್ಣವರ್ಣದ ಪಟ್ಟಿ ಏಕೆ ಬಂತು? ಮುನಿಸುವ್ರತ, ನೇಮಿನಾಥ ತೀರ್ಥಂಕರರನ್ನು ಶ್ಯಾಮವರ್ಣದವರೆಂದು ಏಕೆ ಕೀರ್ತಿಸಿದರು? ನೆರೆಯ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಕರಿಗಲ್ಲಿನ ಪಾರ್ಶ್ವನಾಥ ಬಸದಿಯ ಮುಂದೆ ನಿಂತ ಯಾವ ಶ್ರಾವಕನೂ ಕಲ್ಲಿನ ಬಣ್ಣವನ್ನು ನೋಡಿ ಹಿಂದಿರುಗಿದ್ದಿಲ್ಲ. ಇತ್ತ ಹಳದಿಯೂ ತಾನೇ ಶುಭವಲ್ಲ. ಹೊಳೆಯುವ ಹಳದಿ ಎಣ್ಣೆಬಣ್ಣಗಳಿಗೆ ಬಹುಕಾಲ ಸೀಸದ ಲವಣವನ್ನೇ ಬೆರೆಸುತ್ತಿದ್ದರು. ಮಕ್ಕಳ ಮಿದುಳಿಗೆ ಅದು ವಿಷ. ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಹಳದಿ ಎಣ್ಣೆಬಣ್ಣದ ಬಾಗಿಲನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವವನು, ಪೀತಲೇಶ್ಯೆಯ ಹೆಸರು ಹೇಳಿಕೊಂಡು ಬಣ್ಣ ಬಳಿಯುವವನಿಗೂ ಮನೆಯ ಮಕ್ಕಳಿಗೂ ಹಿಂಸೆ ಮಾಡಿದಂತೆಯೇ.

ಆದ್ದರಿಂದ ನನ್ನ ತೀರ್ಪು ಶಾಸ್ತ್ರದ್ದಾಗಿರಲಿಲ್ಲ. ಶಾಸ್ತ್ರದ ಮಾತನ್ನು ಕೋಲು ಮಾಡಿ ಒಬ್ಬನ ಕೈಗೆ ಕೊಟ್ಟದ್ದಾಗಿತ್ತು. ಅಣ್ಣನನ್ನು ಗೆಲ್ಲಿಸಿ ತಮ್ಮನನ್ನು ಕುಗ್ಗಿಸಿದ ಆ ಗಳಿಗೆಯಲ್ಲಿ ಕಾಪೋತವಿದ್ದದ್ದು ಗೋಡೆಯ ಮೇಲಲ್ಲ, ನನ್ನೊಳಗೆ. ಪರರನ್ನು ನಿಂದಿಸುವುದು, ತನ್ನನ್ನು ಹೊಗಳಿಕೊಳ್ಳುವುದು ಕಾಪೋತಲೇಶ್ಯೆಯ ಲಕ್ಷಣಗಳೆಂದು ಅದೇ ಗೊಮ್ಮಟಸಾರದಲ್ಲಿದೆ. ಓದಿದ್ದೆ, ನೆನಪಾಗಲಿಲ್ಲ.

ಈಗ ಅತ್ತೆಯವರ ಎರಡನೆಯ ಮಾತನ್ನು ನೋಡೋಣ. ಬಣ್ಣಗಳಲ್ಲಿ ಸ್ವತಃ ಶುಭಾಶುಭವಿಲ್ಲವಾದರೆ ಯಾವುದಾದರೇನು ಎಂದು ಕೈಬಿಡಬಹುದೆ? ಬಿಡಲಾಗದೆಂದು ತೋರಿಸಿಕೊಟ್ಟದ್ದೇ ಆ ಇರುವೆ ಸಾಲು. ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ: ವಾಗ್ಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿ, ಆದಾನನಿಕ್ಷೇಪಣಸಮಿತಿ, ಆಲೋಕಿತಪಾನಭೋಜನ. ಕಡೆಯ ಮೂರೂ ಕಣ್ಣಿಗೆ ಸಂಬಂಧಿಸಿದವು: ನೋಡಿ ನಡೆಯುವುದು, ನೋಡಿ ಎತ್ತಿಡುವುದು, ಬೆಳಕಿನಲ್ಲಿ ನೋಡಿ ಉಣ್ಣುವುದು. ನೋಡಬೇಕಾದರೆ ಬೆಳಕು ಬೇಕು. ಹೊಸದಾಗಿ ಸುಣ್ಣ ಬಳಿದ ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಷ್ಟನ್ನು ಮನೆಗೆ ಹಿಂದಿರುಗಿಸುತ್ತದೆ. ತಿಳಿಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ನಡುಮಟ್ಟದ ಬೂದು ಅರ್ಧವನ್ನೂ ಹಿಂದಿರುಗಿಸದು. ಇಪ್ಪತ್ತು ವಯಸ್ಸಿನವರ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನಲ್ಲಿ ಅರವತ್ತು ವಯಸ್ಸಿನವರ ಕಣ್ಣಿಗೆ ತಲಪುವುದು ಸುಮಾರು ಮೂರರಲ್ಲಿ ಒಂದು ಪಾಲೆಂದು ನೇತ್ರಶಾಸ್ತ್ರ ಹೇಳುತ್ತದೆ. ಎಂಬತ್ತರ ಅತ್ತೆಯವರಿಗೆ, ಮಾಳಿಗೆಮನೆಯಲ್ಲಿ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಬೇಕಾದ ವ್ರತಧಾರಿಗೆ, ಗೋಡೆ ಹಿಂದಿರುಗಿಸುವ ಆ ಬೆಳಕು ಅಲಂಕಾರವಲ್ಲ. ಅದು ವ್ರತದ ಸಾಧನ. ನೀರು ಸೋಸುವ ಬಟ್ಟೆಯಂತೆ, ಅಕ್ಕಿ ಆರಿಸುವ ಮೊರದಂತೆ.

ಕಿರಿಯವನ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಪಡಸಾಲೆಯಿಂದ ಕರೆತಂದು ಕೂರಿಸಿದಾಗ ಅವನು ಹೇಳಿದ್ದು ಇಷ್ಟು: ತಿಳಿಬಣ್ಣಕ್ಕೆ ಹೊಗೆ, ಕೈಗುರುತು, ಧೂಳು ಬೇಗ ಕಾಣುತ್ತವೆ, ಎರಡು ವರ್ಷಕ್ಕೊಮ್ಮೆ ಬಳಿಸಬೇಕಾಗುತ್ತದೆ, ಪ್ರತಿಸಲವೂ ಗೋಡೆ ಕೆರೆಯುವುದು, ಜೇಡ ಹುಳುಗಳು ಸಾಯುವುದು, ನೀರು ಖರ್ಚು, ಬೂದು ಬಣ್ಣ ಹತ್ತು ವರ್ಷ ತಡೆಯುತ್ತದೆ. ಇದು ಕೇವಲ ಸೊಗಸಿನ ಮಾತಲ್ಲ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದಾದರೂ ಅದನ್ನು ಮಿತಗೊಳಿಸುವುದು ಕರ್ತವ್ಯ. ಬಣ್ಣ ಬಳಿಯುವುದರಲ್ಲಿ ಆರಂಭ ಸ್ವಲ್ಪವೇನಲ್ಲ. ಹಿಂದೆ ಪುಡಿಬಣ್ಣ ಹಿಡಿಯಲೆಂದು ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿದ ಸರೇಸನ್ನು ಬೆರೆಸುತ್ತಿದ್ದರು. ಹಂದಿಯ ರೋಮದ ಕುಂಚಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಸುಣ್ಣದಲ್ಲಿಯೂ ಕಲ್ಲುಸುಣ್ಣ ಬೇರೆ, ಚಿಪ್ಪು ಸುಟ್ಟು ಮಾಡಿದ ಸುಣ್ಣ ಬೇರೆ. ಇವನ್ನು ವಿಚಾರಿಸದೆ ಬಣ್ಣದ ಛಾಯೆಯನ್ನು ಮಾತ್ರ ಹತ್ತು ದಿನ ಚರ್ಚಿಸಿದ ನಾವು, ಎಲೆಯನ್ನು ತೊಳೆದು ಹುಳುಕು ಹಣ್ಣನ್ನು ಬಡಿಸಿದವರಂತಾಗಿದ್ದೆವು.

ಆದರೂ ಒಂದು ಭೇದವನ್ನು ಗಮನಿಸಬೇಕು. ಕೊಳೆ ಕಾಣದಿರುವುದಕ್ಕೂ ಕೊಳೆ ಇಲ್ಲದಿರುವುದಕ್ಕೂ ಅಂತರವಿದೆ. ಕಾಣದ ಗೋಡೆಯ ಮೇಲೂ ಜೇಡ ಬಲೆ ಕಟ್ಟುತ್ತದೆ. ಕಾಣದಿರುವುದರಿಂದ ನಾವು ಕೈಯೂರಿ ಹಿಸುಕುತ್ತೇವೆ. ಅದಕ್ಕೆ ಪ್ರಮಾದವೆಂದು ಹೆಸರು. ಪ್ರಮತ್ತಯೋಗದಿಂದ ಪ್ರಾಣವಿಯೋಗವಾದರೆ ಅದೇ ಹಿಂಸೆ. ತಿಳಿಗೋಡೆ ನಮಗೆ ಕೆಲಸ ಹೆಚ್ಚಿಸುತ್ತದೆ, ನಿಜ. ಕಂಡ ಜೀವಿಯನ್ನು ಮೃದುವಾದ ಪೊರಕೆಯಿಂದ ಮೆಲ್ಲನೆ ಸರಿಸುವ ಹೊಣೆಯನ್ನು ತಲೆಯ ಮೇಲಿಡುತ್ತದೆ. ಆ ಹೊಣೆಯೇ ಶ್ರಾವಕಧರ್ಮ. ಅಡಿಗೆ ಊಟಗಳು ನಡೆಯದ, ಧಾನ್ಯ ಆರಿಸದ ಕೋಣೆಯಲ್ಲಾದರೆ ಕಿರಿಯವನ ವಾದವೇ ಮೇಲು. ಅಲ್ಲಿ ಹೆಚ್ಚು ಕಾಲ ತಡೆಯುವ ಬಣ್ಣವೇ ಅಲ್ಪಾರಂಭದ್ದು.

ಕಡೆಗೆ ಆದದ್ದೂ ಹಾಗೆಯೇ. ಅಡಿಗೆಮನೆಗೂ ನಡುಮನೆಗೂ ತಿಳಿಹಳದಿ. ಕಿರಿಯವನ ಕುಟುಂಬ ಬಂದಾಗ ತಂಗುವ ಕೋಣೆಗೆ ಬೂದು. ನಾನು ಲೇಶ್ಯೆಯ ತೀರ್ಪನ್ನು ಇಬ್ಬರ ಮುಂದೆಯೂ ಹಿಂದೆಗೆದುಕೊಂಡೆ. ಹಿರಿಯವನಿಗೆ ಅದು ಅಷ್ಟು ಹಿಡಿಸಲಿಲ್ಲ. 'ಕಡೆಗೂ ಹಳದಿಯೇ ಆಯಿತಲ್ಲ, ಕಾರಣ ಯಾವುದಾದರೇನು?' ಎಂದನು. ನನ್ನ ಪ್ರಕಾರ ಈ ಲೇಖನದ ತಿರುಳು ಆ ಪ್ರಶ್ನೆಯ ಉತ್ತರದಲ್ಲಿದೆ. ಹಿರಿಯವನು ಆರಿಸಿದ್ದೂ ಹಳದಿ, ತಾಯಿ ಆರಿಸಿದ್ದೂ ಅದೇ ಹಳದಿ. ಅವನದು ತಮ್ಮನ ಮೇಲೆ ಸಾಧಿಸುವ ಹಳದಿ. ಅವರದು ಇರುವೆಯನ್ನು ಉಳಿಸುವ ಹಳದಿ. ಗೋಡೆಗೆ ಈ ಭೇದ ತಿಳಿಯದು. ಆಸ್ರವ ಬಂಧಗಳ ಲೆಕ್ಕದಲ್ಲಿ ಅವೆರಡೂ ಒಂದೇ ಅಲ್ಲ. ಆರು ಮಂದಿಗೂ ಬೇಕಾಗಿದ್ದದ್ದು ಒಂದೇ ಮರದ ಹಣ್ಣಲ್ಲವೆ?

ಶ್ರಾವಕ ಬಂಧುಗಳು ಮನೆಗೆ ಬಣ್ಣ ಬಳಿಸುವ ಪ್ರಸಂಗ ಬಂದಾಗ ಒಂದು ಕಿರಿಯ ನಿಯಮವನ್ನು ತೆಗೆದುಕೊಳ್ಳಬಹುದೆಂದು ನನ್ನ ವಿನಂತಿ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಗೋಡೆಯ ಬಣ್ಣ ಉಪಭೋಗ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಬಣ್ಣಕ್ಕೆ ನಿಯಮ ಸಾಕು. ನೋಡುವ ಛಾಯೆಗಳು ಇಷ್ಟೇ, ಯೋಚಿಸುವ ದಿನಗಳು ಇಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪರ್ವದಿನಗಳಲ್ಲಿ ಆ ಮಾತನ್ನು ಎತ್ತಬಾರದು. ಜೀವೋತ್ಪತ್ತಿ ಹೆಚ್ಚಿರುವ ಚಾತುರ್ಮಾಸದಲ್ಲಿ ಗೋಡೆ ಕೆರೆಸಬಾರದು. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರನ್ನು, ವಿಶೇಷವಾಗಿ ಕಣ್ಣು ಮಂದವಾದ ಹಿರಿಯರನ್ನೂ ಅಡಿಗೆ ಮಾಡುವ ಹೆಣ್ಣುಮಕ್ಕಳನ್ನೂ, ಮೊದಲು ಕೇಳಬೇಕು. ತಾಳ್ಯದ ಮನೆಯಲ್ಲಿ ಹತ್ತು ದಿನವಾದರೂ ಅತ್ತೆಯವರನ್ನು ಯಾರೂ ಕೇಳಿರಲಿಲ್ಲ. ಆರಿಸಿದ ಮೇಲೆ ಬಿಟ್ಟ ಬಣ್ಣವನ್ನು ನೆನೆಯಬಾರದು. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ಅನುಸ್ಮೃತಿಯನ್ನೂ ಅತಿತೃಷೆಯನ್ನೂ ಎಣಿಸಿದ್ದಾರೆ. ಹಿಂದಿನ ಸುಖವನ್ನು ಮೆಲುಕುಹಾಕುವುದು ಮೊದಲನೆಯದು, ಮುಂದಿನದಕ್ಕೆ ಹಂಬಲಿಸುವುದು ಎರಡನೆಯದು. ಬಳಿದ ಬಣ್ಣವನ್ನು ಬಿಟ್ಟು ಬಳಿಯದ ಬಣ್ಣದೊಡನೆ ವಾಸಿಸುವವನ ಮನಸ್ಸಿನಲ್ಲಿ ಎರಡೂ ಮನೆಮಾಡಿರುತ್ತವೆ.

ಕುಂದಕುಂದಾಚಾರ್ಯರು ಸಮಯಸಾರದ ಸರ್ವವಿಶುದ್ಧಜ್ಞಾನ ಅಧಿಕಾರದಲ್ಲಿ ಗೋಡೆಗೆ ಬಳಿಯುವ ಬಿಳಿಯ ಬಣ್ಣವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾರೆ. ಅವರ ಪ್ರಾಕೃತದಲ್ಲಿ ಅದರ ಹೆಸರು 'ಸೇಡಿಯಾ'. ಮಲೆನಾಡಿನ ಹೆಂಗಸರು ಗೋಡೆಯ ಮೇಲೆ ಚಿತ್ತಾರ ಬರೆಯುವ 'ಸೇಡಿ'ಯನ್ನು ಕಂಡವರ ಕಿವಿಗೆ ಆ ಶಬ್ದ ಅಪರಿಚಿತವೆನಿಸದು. ಸುಣ್ಣವು ಗೋಡೆಯನ್ನು ಬೆಳ್ಳಗೆ ಮಾಡಿದರೂ ಗೋಡೆಯದಾಗುವುದಿಲ್ಲ; ಸುಣ್ಣ ಸುಣ್ಣವೇ, ಗೋಡೆ ಗೋಡೆಯೇ. ಹಾಗೆಯೇ ಅರಿಯುವ ಆತ್ಮ ಪರದ್ರವ್ಯವನ್ನು ಅರಿತರೂ ಪರದ್ರವ್ಯದ್ದಾಗುವುದಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ನಾವು ಮಾಡುವುದು ಇದರ ವಿಪರೀತ. 'ನನ್ನ ಹಳದಿ', 'ನನ್ನ ಬೂದು' ಎಂದು ಗೋಡೆಗೆ ಬಳಿಯಬೇಕಾದದ್ದನ್ನು ಆತ್ಮಕ್ಕೆ ಬಳಿದುಕೊಳ್ಳುತ್ತೇವೆ.

ಆ ಚತುರ್ದಶಿಯ ಅತಿಚಾರಕ್ಕೆ ನಾನು ಪ್ರಾಯಶ್ಚಿತ್ತ ಮಾಡಿಕೊಂಡೆ. ಕಳೆದ ವರ್ಷ ಮತ್ತೆ ತಾಳ್ಯಕ್ಕೆ ಹೋಗಿದ್ದೆ. ಒಲೆಯ ಮೇಲಿನ ಗೋಡೆ ಆಗಲೇ ಮಾಸಿತ್ತು. ಅದು ಹಳದಿಯೆಂದು ನೆನಪಿದ್ದವರಿಗೆ ಮಾತ್ರ ತಿಳಿಯುವಂತಿತ್ತು. ಕಿರಿಯವನ ಮಕ್ಕಳು ಬೂದು ಕೋಣೆಯನ್ನು ಬಿಟ್ಟು ನಡುಮನೆಯಲ್ಲಿ ಅಜ್ಜಿಯ ಪಕ್ಕದಲ್ಲಿಯೇ ಮಲಗುತ್ತವೆಯಂತೆ. ಅತ್ತೆಯವರ ಕಣ್ಣು ಇನ್ನಷ್ಟು ಮಂದವಾಗಿದೆ. ಸಂಜೆಯ ಊಟಕ್ಕೆ ಕುಳಿತಾಗ ಕಿರಿಯ ಮೊಮ್ಮಗಳು ಅವರ ತಟ್ಟೆಯ ಮುಂದೆ ಬಾಗಿ, ಗೋಡೆಯನ್ನೂ ನೆಲವನ್ನೂ ಒಮ್ಮೆ ನೋಡಿ, 'ಇರುವೆ ಇಲ್ಲ ಅಜ್ಜಿ, ಊಟ ಮಾಡಿ' ಎಂದಳು. ಅತ್ತೆಯವರು ಕೈಮುಗಿದು ಮೊದಲ ತುತ್ತನ್ನು ತೆಗೆದುಕೊಂಡರು.